ಗಿಡಕ್ಕೆ ಮಾತ್ರೆ ತಿನ್ನಿಸಿದ ಗರಿಫಲಿಯಾ

ದುಡಿಯುವವರ ಬಗ್ಗೆ ಬರೆಯಹೊರಟರೆ ನಸುಕಿನಿಂದಲೇ ಶುರುಮಾಡಬೇಕು ಅನ್ನುವುದು ಪತ್ರಿಕೆಯವರ ಹಳೇ ಚಾಳಿ. ಹಾಲಿನವನು, ಮೀನಿನವನು, ಬ್ರೆಡ್ಡು ಸುಡುವವನು, ಎಲ್ಲರೂ ಕತ್ತಲಲ್ಲೇ ಎದ್ದು ನಮ್ಮಂಥ ಸೋಮಾರಿಗಳಿಗೆ ನಾಚಿಕೆಯಾಗುವಂತೆ ಮಾಡುತ್ತಾರೆ. ಗರಿಫಲಿಯಾಳ ಹತ್ತಿರ ಆ ಆಟ ನಡೆಯುವುದಿಲ್ಲ. ನಸುಕಿನಲ್ಲಿ ಅವಳು ಗೊರಕೆ ಹೊಡೆಯುತ್ತಿರುತ್ತಾಳೆ. ಅವಳ ಕೆಲಸ ಶುರುವಾಗುವುದು ಕ್ರೀಟ್ ದ್ವೀಪದ ನಮ್ಮ ಸ್ಕಿನಾರಿ ಊರಿನ ನಾಯಿಗಳೂ ನೆರಳು ಹುಡುಕಿಕೊಂಡು ಮಲಗಿದ ಮೇಲೆ, ಸೂರ್ಯ ನೆತ್ತಿಗೆ ಬಂದು ನಿಂತಾಗ.

ಜೂನ್ ತಿಂಗಳ ಒಂದು ಮಧ್ಯಾಹ್ನ. ಗಂಡ ಮಿರೋನ್ ಊಟ ಮುಗಿಸಿ, ಕಿಟಕಿ ಮುಚ್ಚಿ ಮಲಗಿದ್ದಾನೆ. ಅವನ ಉಸಿರು ಒಂದು ಲಯಕ್ಕೆ ಬರುವುದನ್ನೇ ಕಾದು ಗರಿಫಲಿಯಾ ಹಿತ್ತಲ ಬಾಗಿಲಿನಿಂದ ಕಳ್ಳಬೆಕ್ಕಿನ ಹಾಗೆ ಹೊರಬೀಳುತ್ತಾಳೆ. ಅರವತ್ತು ದಾಟಿದ ಹೆಂಗಸು. ತಲೆಗೆ ಬಿಳಿ ಬಟ್ಟೆ, ಕಾಲಿಗೆ ಗಂಡನ ಹಳೇ ಬೂಟು, ಹೆಗಲ ಮೇಲೆ ಬಾರುಕುಂಟೆ. ಉದ್ದ ಹಿಡಿ, ತುದಿಗೆ ಬಾಗಿದ ಮರದ ಚೌಕಟ್ಟು, ಅದರಿಂದ ಸಾಲಾಗಿ ಇಳಿಬಿದ್ದ ಚರ್ಮದ ಬಾರುಗಳು. ದೂರದಿಂದ ನೋಡಿದವರಿಗೆ ಯಾರನ್ನೋ ಬಾರಿಸಲು ಹೊರಟವಳ ಹಾಗೆ ಕಾಣುತ್ತಾಳೆ.

ಗುಡ್ಡದ ಕಾಲುದಾರಿಯ ಮೊದಲ ತಿರುವಿನಲ್ಲಿ ಒಂದು ಪೊದೆಯ ಮುಂದೆ ನಿಲ್ಲುತ್ತಾಳೆ. ಸೊಂಟದೆತ್ತರದ ಗಿಡ, ಎಲೆಯ ಮೇಲೆಲ್ಲ ಎಣ್ಣೆ ಸವರಿದ ಹೊಳಪು. ಜೇಬಿನಿಂದ ಕರವಸ್ತ್ರ ತೆಗೆದು, ಗಂಟು ಬಿಚ್ಚಿ, ಒಂದು ಬಿಳಿ ಮಾತ್ರೆಯನ್ನು ಎರಡು ಕಲ್ಲಿನ ನಡುವೆ ಅರೆದು ಬುಡಕ್ಕೆ ಉದುರಿಸುತ್ತಾಳೆ. ಮೇಲೆ ಬಾಟಲಿಯ ನೀರು.

"ತಗೋ ನನ್ನವ್ವ, ನಿನ್ನ ಎದೆನೂ ಗಟ್ಟಿಯಾಗ್ಲಿ," ಅನ್ನುತ್ತಾಳೆ ಗಿಡಕ್ಕೆ.

ಆ ಮಾತ್ರೆ ಗಿಡದ್ದಲ್ಲ, ಅವಳದ್ದು. ಫೆಬ್ರವರಿಯಲ್ಲಿ ಗರಿಫಲಿಯಾಳ ಹೃದಯದ ನಾಳವೊಂದು ಕಟ್ಟಿಕೊಂಡಿತು. ಇರಾಕ್ಲಿಯೊ ಪಟ್ಟಣದ ಆಸ್ಪತ್ರೆಯಲ್ಲಿ ನಾಳದೊಳಗೆ ಒಂದು ಪುಟ್ಟ ಜಾಲರಿ ಕೂರಿಸಿ ಮನೆಗೆ ಕಳಿಸಿದರು. ಡಾಕ್ಟರು ಎರಡು ಮಾತು ಹೇಳಿದ್ದರು: ಈ ಕೊಲೆಸ್ಟ್ರಾಲ್ ಮಾತ್ರೆ ಒಂದು ದಿನವೂ ತಪ್ಪಕೂಡದು, ಸುಡುಬಿಸಿಲಲ್ಲಿ ಗುಡ್ಡ ಹತ್ತಕೂಡದು. ಮೊದಲನೇ ಮಾತು ಗಿಡದ ಬುಡಕ್ಕೆ ಹೋಗುತ್ತಿದೆ, ಎರಡನೆಯದು ಬೂಟಿನಡಿಗೆ. ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆಯನ್ನು ಮಾತ್ರ ಪ್ರಾಮಾಣಿಕವಾಗಿ ನುಂಗುತ್ತಾಳೆ. ಅದರ ಮೇಲೆ ಅವಳಿಗೆ ಯಾವ ತಕರಾರೂ ಇಲ್ಲ.

ಇಷ್ಟು ಒಳ್ಳೆಯ ಹೆಂಗಸು ಇಂಥ ಹುಚ್ಚುತನಕ್ಕೆ ಯಾಕೆ ಇಳಿದಳು ಅಂತ ತಿಳಿಯಬೇಕಾದರೆ ಮೊದಲು ಅವಳ ಕೆಲಸ ನೋಡಬೇಕು.

ಕ್ರೀಟ್ ದ್ವೀಪದ ಈ ಒಣ ಗುಡ್ಡಗಳ ಮೇಲೆ ಬೆಳೆಯುವ ಅಂಟುಗಿಡ ಬೇಸಿಗೆಯಲ್ಲಿ ಬೆವರುತ್ತದೆ. ಬಿಸಿಲು ಏರಿದಷ್ಟೂ ಎಲೆಗಳ ಮೇಲೆ ರಾಳ ಸಡಿಲವಾಗುತ್ತದೆ. ಆಗ ಬಾರುಕುಂಟೆಯನ್ನು ಗಿಡದ ನೆತ್ತಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಹೊಡೆಯುವುದಲ್ಲ, ಮಗುವಿನ ತಲೆ ಬಾಚುವ ಹಾಗೆ. ರಾಳ ಬಾರುಗಳಿಗೆ ಹತ್ತುತ್ತದೆ, ಬಾರು ಕಪ್ಪಾಗುತ್ತದೆ, ಆಮೇಲೆ ಚಾಕುವಿನಿಂದ ಕೆರೆದು ತೆಗೆಯಬೇಕು. ತಂಪು ಹೊತ್ತಿನಲ್ಲಿ ಹೋದರೆ ಅದು ಗಟ್ಟಿಯಾಗಿ ಎಲೆ ಬಿಟ್ಟು ಬರುವುದಿಲ್ಲ. ಗಾಳಿ ಇದ್ದರೆ ಧೂಳು ಕೂತು ಮಾಲು ಕೆಡುತ್ತದೆ. ಹಾಗಾಗಿ ಗಾಳಿಯಿಲ್ಲದ, ಕಲ್ಲೂ ಬೇಯುವ ಹೊತ್ತೇ ಬೇಕು. ಅಷ್ಟು ಬೆಂದರೂ ಒಬ್ಬರ ಒಂದು ಮಧ್ಯಾಹ್ನದ ದುಡಿಮೆ ಅಂಗೈಯಲ್ಲಿ ಹಿಡಿಸುವ ಒಂದು ಕಪ್ಪು ಉಂಡೆ.

"ಹಿಂದೆಲ್ಲ ಆಡುಗಳ ಗಡ್ಡದಿಂದ ಬಾಚ್ತಿದ್ರು," ಅನ್ನುತ್ತಾಳೆ ಗರಿಫಲಿಯಾ. "ಆಡು ಮೇಯೋಕೆ ಹೋಗಿ ಮೂತಿಗೆಲ್ಲ ಅಂಟು ಮೆತ್ಕೊಂಡು ಬರ್ತಿತ್ತು. ಸಂಜೆ ಅದನ್ನ ಹಿಡ್ಕೊಂಡು ಬಾಚಣಿಗೆ ಹಾಕೋದು. ಈಗ ನಾವೇ ಆಡು. ನನ್ನ ಕೂದಲು ಮುಟ್ಟಿ ನೋಡಿ, ಕೈ ಬಂದ್ರೆ ಹೇಳಿ!"

ಮುಟ್ಟಿದರೆ ನಿಜವಾಗಿಯೂ ಕೈ ಬರುವುದಿಲ್ಲ. ಮನೆಗೆ ಹೋಗಿ ಆಲಿವ್ ಎಣ್ಣೆಯಲ್ಲಿ ಮುಖ ಮೈ ತಿಕ್ಕಿಕೊಳ್ಳದೆ ಅವಳಿಗೆ ಬಿಡುಗಡೆಯಿಲ್ಲ. ಈ ಉಂಡೆ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ. ಸುಗಂಧದ ಸೀಸೆಗಳಿಗೆ, ಚರ್ಚುಗಳ ಧೂಪಕ್ಕೆ. ಪ್ರತಿ ಬೇಸಿಗೆಯ ಮೊದಲ ಉಂಡೆ ಮಾತ್ರ ನಮ್ಮೂರ ಚರ್ಚಿಗೇ. ಪರಿಮಳ ಪೂಸಿಕೊಂಡು ನಡೆಯುವ ಯಾವ ಊರಿನ ಯಾವ ಹೆಂಗಸಿಗೂ ಅದರ ಹಿಂದೆ ಗಂಡನ ಬೂಟು ಹಾಕಿಕೊಂಡ ಒಬ್ಬಳಿದ್ದಾಳೆ ಅಂತ ಗೊತ್ತಿಲ್ಲ. ಗೊತ್ತಾಗಲಿ ಅಂತ ಇವಳಿಗೂ ಆಸೆಯಿಲ್ಲ.

ಗಿಡ ಈ ರಾಳವನ್ನು ನಮಗೋಸ್ಕರ ಮಾಡುವುದಿಲ್ಲ. ಎಲೆ ಸುಡದಿರಲಿ, ಒಳಗಿನ ನೀರು ಆರದಿರಲಿ, ಹುಳು ಬಾಯಿ ಹಾಕದಿರಲಿ ಅಂತ ಮಾಡಿಕೊಳ್ಳುತ್ತದೆ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವುಗಳ ತುದಿಯ ಜೀವಕೋಶಗಳಲ್ಲಿ ಇದು ತಯಾರಾಗುತ್ತದೆ. ಇಷ್ಟೆಲ್ಲ ನಮಗೆ ಹೇಳಿಕೊಟ್ಟವಳು ಥೆಯಾನೊ, ಗರಿಫಲಿಯಾಳ ನಾದಿನಿ ರೊದಾಂಥಿಯ ಮಗಳು. ಇರಾಕ್ಲಿಯೊದ ಒಂದು ಪ್ರಯೋಗಾಲಯದಲ್ಲಿ ಕೆಲಸ. ಸಸ್ಯಗಳ ಜೀವಕೋಶಗಳು ಐಸೊಪ್ರೆನಾಯ್ಡ್ ಅನ್ನುವ ಜಾತಿಯ ಪದಾರ್ಥಗಳನ್ನು ಹೇಗೆ ಕಟ್ಟುತ್ತವೆ ಅನ್ನುವುದನ್ನೇ ಅವಳು ದಿನಾ ನೋಡುತ್ತಾಳೆ. ಆ ವಿದ್ಯೆಯೇ ಈ ಮನೆಗೆ ತಂಟೆ ತಂದದ್ದು.

ಈಸ್ಟರ್ ಹಬ್ಬದ ಊಟ. ಅಂಗಳದಲ್ಲಿ ಮೇಜು, ಬೆಂದ ಕುರಿಮರಿ, ಹಬ್ಬಕ್ಕೆಂದು ಕೆಂಪು ಬಣ್ಣ ಹಾಕಿದ ಮೊಟ್ಟೆ. ಗರಿಫಲಿಯಾ ಊಟದ ಮುಂಚೆ ಮಾತ್ರೆಯನ್ನು ತಟ್ಟೆಯ ಪಕ್ಕ ಇಟ್ಟುಕೊಂಡಿದ್ದಾಳೆ. ಥೆಯಾನೊ ಅದರ ಹೆಸರು ಓದಿ ನಗುತ್ತಾಳೆ.

"ಅತ್ತೇ, ಈ ಮಾತ್ರೆಯ ಮಜಾ ಗೊತ್ತಾ? ನಿನ್ನ ಮೈಯಲ್ಲಿ ಕೊಲೆಸ್ಟ್ರಾಲ್ ಆಗುತ್ತಲ್ಲ, ಅದೂ ನಿನ್ನ ಗುಡ್ಡದ ಅಂಟೂ ಒಂದೇ ಥರದ ಇಟ್ಟಿಗೆಯಿಂದ ಕಟ್ಟಿದ್ದು. ಐದು ಇಂಗಾಲದ ಪುಟ್ಟ ಇಟ್ಟಿಗೆ. ಎರಡು ಜೋಡಿಸಿದ್ರೆ ಗುಲಾಬಿ ವಾಸನೆ, ನಾಲ್ಕು ಜೋಡಿಸಿದ್ರೆ ನಿನ್ನ ಅಂಟು, ಆರು ಜೋಡಿಸಿ ತಿದ್ದಿದ್ರೆ ಕೊಲೆಸ್ಟ್ರಾಲ್, ಎಂಟಾದ್ರೆ ಟೊಮೆಟೊ ಕೆಂಪು, ಸಾವಿರಗಟ್ಟಲೆ ಜೋಡಿಸ್ತಾ ಹೋದ್ರೆ ರಬ್ಬರು. ಈ ಮಾತ್ರೆ ಆ ಇಟ್ಟಿಗೆ ಬರೋ ನಲ್ಲಿನೇ ತಿರುಗಿಸಿ ಮುಚ್ಚಿಬಿಡುತ್ತೆ!"

ಅಷ್ಟರಲ್ಲಿ ಯಾರೋ ವೈನ್ ಸುರಿದರು, ಯಾರೋ ಹಾಡು ಎತ್ತಿದರು, ಮಾತು ಅಲ್ಲಿಗೇ ನಿಂತಿತು. ಥೆಯಾನೊ ಅದನ್ನು ಮರೆತಳು. ಗರಿಫಲಿಯಾ ಮರೆಯಲಿಲ್ಲ. ಮಾತ್ರೆಯನ್ನು ಮೆಲ್ಲಗೆ ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಸ್ಕಿನಾರಿಯಲ್ಲಿ ಒಂದು ಪದ್ಧತಿ ಇದೆ. ಅಂಟು ತೆಗೆಯುವವರು ಹೊಸದೇನಾದರೂ ತಂದರೆ ಮೊದಲು ಕಾಲುದಾರಿಯ ತಿರುವಿನ ಆ ಒಂದು ಗಿಡದ ಮೇಲೆ ಪರೀಕ್ಷೆ. ಅದನ್ನು ಸಾಕ್ಷಿಗಿಡ ಅನ್ನುತ್ತಾರೆ. ಚರ್ಮದ ಬಾರಿನ ಬದಲು ಪ್ಲಾಸ್ಟಿಕ್ ಬಂದಾಗಲೂ ಅದಕ್ಕೇ ಮೊದಲು ಎಳೆದು ನೋಡಿದ್ದರು. ಒಂದು ಗಿಡ ಸಾಯುತ್ತದೆ, ಇದೇ ದಾರಿಯಲ್ಲಿ ಇನ್ನೊಂದು ಸಾಕ್ಷಿಗಿಡವಾಗುತ್ತದೆ. ಗಿಡ ತಡೆದುಕೊಂಡರೆ ಊರು ಒಪ್ಪುತ್ತದೆ. ಹೀಗಾಗಿ ಗರಿಫಲಿಯಾ ಮಾತ್ರೆಯನ್ನು ಅಲ್ಲಿಗೆ ಒಯ್ದದ್ದು ಅವಳ ಲೆಕ್ಕದಲ್ಲಿ ಹುಚ್ಚುತನವಲ್ಲ, ಸರಿಯಾದ ಕ್ರಮ.

ಜೂನ್ ಕೊನೆಗೆ ರಕ್ತ ಪರೀಕ್ಷೆ ಆಗುತ್ತದೆ. ಕೊಲೆಸ್ಟ್ರಾಲ್ ಒಂದು ಚೂರೂ ಇಳಿದಿಲ್ಲ. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇಷ್ಟು ತಗೊಂಡ್ರೂ ಇಳಿದಿಲ್ಲ ಅಂದ್ರೆ ಎರಡರಷ್ಟು ಕೊಡಬೇಕಾಗುತ್ತೆ" ಅನ್ನುತ್ತಾರೆ. ಜೊತೆಗೆ ಹೋದ ರೊದಾಂಥಿಗೆ ಅನುಮಾನ ಬರುವುದು ಅಲ್ಲೇ. ಡಾಕ್ಟರು ಎರಡರಷ್ಟು ಅಂದ ಕೂಡಲೇ ಅತ್ತಿಗೆ ರೇಗುವ ಬದಲು ತಲೆಯಾಡಿಸಿ "ಆಗ್ಲಿ ಆಗ್ಲಿ" ಅಂದದ್ದು ಅವಳಿಗೆ ವಿಚಿತ್ರ ಅನಿಸುತ್ತದೆ. ಗರಿಫಲಿಯಾ ಯಾರ ಮಾತಿಗೂ ಅಷ್ಟು ಸುಲಭಕ್ಕೆ ಆಗಲಿ ಅಂದವಳೇ ಅಲ್ಲ.

ರೊದಾಂಥಿ ಐದಾರು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಇಬ್ಬರೂ ಪ್ರಾಯದ ಕಾಲದಿಂದ ಒಟ್ಟಿಗೆ ಗುಡ್ಡ ಹತ್ತಿದವರು, ಒಟ್ಟಿಗೆ ಜಗಳವಾಡಿದವರು. ಮರುದಿನ ಮಧ್ಯಾಹ್ನ ಅವಳು ಅಂಜೂರದ ಮರದ ಹಿಂದೆ ಕಾದು, ಅತ್ತಿಗೆಯ ಬೆನ್ನು ಹತ್ತುತ್ತಾಳೆ. ತಿರುವಿನಲ್ಲಿ ಕಲ್ಲಿನ ಸದ್ದು ಕೇಳಿ ಎದುರಿಗೆ ಬಂದು ನಿಲ್ಲುತ್ತಾಳೆ.

"ಅತ್ತಿಗೇ! ಏನ್ಮಾಡ್ತಿದೀಯ?"

"ಕಣ್ಣು ಕಾಣಲ್ವಾ? ಗಿಡಕ್ಕೆ ನೀರು ಹಾಕ್ತಿದೀನಿ."

"ನೀರಿಗೆ ಮುಂಚೆ ಉದುರಿಸಿದ್ದೇನು? ಉಪ್ಪಾ?"

ಗರಿಫಲಿಯಾ ಎದ್ದು ನಿಲ್ಲುತ್ತಾಳೆ. ಸಿಕ್ಕಿಬಿದ್ದವರ ಮುಖ ಅವಳಿಗೆ ಬರುವುದೇ ಇಲ್ಲ. "ಸುಣ್ಣ ಕಣೇ ಇದು, ಬರೀ ಸುಣ್ಣ. ನಲ್ಲಿ ತಿರುಗಿಸುತ್ತೆ ಅಂದ್ಲಲ್ಲ ನಿನ್ನ ಮಗಳು. ಈಸ್ಟರಿನಿಂದ ದಿನಾ ಹಾಕ್ತಿದೀನಿ. ಮುಟ್ಟಿ ನೋಡು ಎಲೆನ! ಒಂದು ಕೂದಲೆಳೆಯಷ್ಟಾದ್ರೂ ಅಂಟು ಕಮ್ಮಿ ಆಗಿದೆಯಾ? ಗಿಡಕ್ಕೇ ಏನೂ ಮಾಡದ್ದು ನಂಗೇನು ಮಾಡುತ್ತೆ?"

"ಗಿಡ ಒಣಗಿದ್ರೆ ನುಂಗ್ತಿದ್ಯಾ?"

"ಒಣಗಿದ್ರೆ ವಿಷ ಅಂತಾಯ್ತಲ್ಲ. ವಿಷ ಯಾರಾದ್ರೂ ನುಂಗ್ತಾರಾ?"

ರೊದಾಂಥಿ ಸೊಂಟದ ಮೇಲೆ ಕೈ ಇಡುತ್ತಾಳೆ. "ಅಂದ್ರೆ ಹೆಂಗೆ ಬಿದ್ರೂ ನುಂಗಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು! ಪಾಪ, ಗಿಡಕ್ಕೆ ಯಾಕೆ ಸುಮ್ನೆ ಸಾಕ್ಷಿ ಹೇಳಿಸ್ತೀಯ?"

ಗರಿಫಲಿಯಾ ಉತ್ತರ ಕೊಡಲು ಬಾಯಿ ತೆರೆದವಳು ಹಾಗೇ ನಿಲ್ಲುತ್ತಾಳೆ. ಕುಂಟೆ ಕೈಜಾರಿ ಬೀಳುತ್ತದೆ. ಅಂಗೈ ಎದೆಗೆ ಹೋಗುತ್ತದೆ. ಮುಖದ ಬಣ್ಣ ಇಳಿದು, ಬಿಸಿಲಿನ ಬೆವರಲ್ಲದ ಇನ್ನೊಂದು ತಣ್ಣನೆ ಬೆವರು ಹಣೆಯ ಮೇಲೆ ಮೂಡುತ್ತದೆ. ರೊದಾಂಥಿಯ ಬಾಯಲ್ಲಿ ಬೈಗುಳ ಅಲ್ಲೇ ಸತ್ತುಹೋಗುತ್ತದೆ. ಅತ್ತಿಗೆಯನ್ನು ಕಲ್ಲಿನ ಮೇಲೆ ಕೂರಿಸಿ, ತನ್ನ ತಲೆಬಟ್ಟೆ ಬಿಚ್ಚಿ ನೆನೆಸಿ ಅವಳ ಕುತ್ತಿಗೆಗೆ ಹಾಕಿ, ಪುಟ್ಟ ಹುಡುಗಿಯ ಹಾಗೆ ಅಳುತ್ತಾ ಫೋನು ಒತ್ತುತ್ತಾಳೆ.

"ಏನೂ ಇಲ್ಲ, ಬಿಸಿಲು," ಅನ್ನುತ್ತಾಳೆ ಗರಿಫಲಿಯಾ.

"ಮುಚ್ಚು ಬಾಯಿ. ನೀನು ಸತ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಅನ್ನುತ್ತಾಳೆ ರೊದಾಂಥಿ.

ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ. ಜಾಲರಿ ತೆರೆದೇ ಇದೆ, ಈ ಸಲ ಪಾರು. ಆದರೆ ಪಕ್ಕದ ನಾಳ ಸಣ್ಣಗಾಗುತ್ತಾ ಬಂದಿದೆ, ಮಾತ್ರೆಯಿಲ್ಲದಿದ್ದರೆ ಮುಂದಿನ ಬೇಸಿಗೆಗೆ ನಾನು ಮಾತು ಕೊಡಲಾರೆ ಅನ್ನುತ್ತಾರೆ ಡಾಕ್ಟರು. ಎರಡು ದಿನ ಇಟ್ಟುಕೊಂಡು ಕಳಿಸುತ್ತಾರೆ. ಶನಿವಾರದ ಬಸ್ಸಿಗೆ ಥೆಯಾನೊ ಬರುತ್ತಾಳೆ.

ಗರಿಫಲಿಯಾ ಅಡುಗೆಮನೆಯಲ್ಲಿ ಕುಂಬಳದ ಹೂವಿಗೆ ಅಕ್ಕಿ ತುಂಬುತ್ತಿದ್ದಾಳೆ. ಮಿರೋನ್ ಏನೋ ನೆಪ ಹೇಳಿ ಹೊರಗೆ ಹೋಗುತ್ತಾನೆ, ಹೆಂಗಸರು ಅಳುವ ಕಡೆ ಅವನು ನಿಲ್ಲುವವನಲ್ಲ. ರೊದಾಂಥಿ ಬಾಗಿಲಲ್ಲಿ ನಿಂತಿದ್ದಾಳೆ. ಥೆಯಾನೊ ಬಂದವಳೇ ಅತ್ತೆಯ ಪಕ್ಕ ಕೂತು, ಹೂವು ಕೈಗೆತ್ತಿಕೊಂಡು ತುಂಬತೊಡಗುತ್ತಾಳೆ.

"ತಪ್ಪು ನಂದು ಅತ್ತೆ," ಅನ್ನುತ್ತಾಳೆ ತುಂಬುತ್ತಲೇ. "ಅರ್ಧ ಹೇಳಿ ಎದ್ದುಹೋದೆ. ಇವತ್ತು ಪೂರ್ತಿ ಹೇಳ್ತೀನಿ, ಕೇಳ್ತೀಯಾ?"

"ಹೇಳು. ಕಿವಿಗೇನೂ ಜಾಲರಿ ಹಾಕಿಲ್ಲ."

"ನಿನ್ನ ಮನೇಲಿ ಒಲೆ ಎಷ್ಟಿದೆ?"

"ಇದೇನು ಪ್ರಶ್ನೆ? ಎರಡು. ಇಲ್ಲಿ ಒಳಗೆ ಗ್ಯಾಸು, ಅಂಗಳದಲ್ಲಿ ಸೌದೆ ಒಲೆ."

"ಗಿಡದ ಜೀವಕೋಶನೂ ಹಾಗೇ. ಅಂಗಳದಲ್ಲೊಂದು, ಒಳಗೊಂದು. ಹಸಿರು ಇರುತ್ತಲ್ಲ ಎಲೆಯೊಳಗೆ, ಆ ಹಸಿರಿನ ವಂಶದ ಸಣ್ಣ ಕೋಣೆಗಳೇ ಅಂಗಳದ ಒಲೆ. ಗಿಡ ನಿನ್ನ ಅಂಟಿಗೆ ಇಟ್ಟಿಗೆ ಸುಡೋದು ಹೆಚ್ಚಾಗಿ ಅಲ್ಲೇ. ಸಾಮಾನು ಬೇರೆ, ವಿಧಾನ ಬೇರೆ, ಕೊನೆಗೆ ಆಗೋ ಇಟ್ಟಿಗೆ ಮಾತ್ರ ಒಂದೇ. ಈ ಮಾತ್ರೆ ಆ ಒಲೆ ಹತ್ತಿರ ಸುಳಿಯೋದೇ ಇಲ್ಲ. ಇದು ಕೈ ಹಾಕೋದು ಒಳಗಿನ ಒಲೆಗೆ. ನೀನು ಇನ್ನೂ ಹತ್ತು ವರ್ಷ ಬುಡಕ್ಕೆ ಹಾಕಿದ್ರೂ ಗಿಡ ಬೆವರ್ತಾನೇ ಇರುತ್ತೆ. ಅದೂ ಅಲ್ದೆ, ಅಷ್ಟು ದೊಡ್ಡ ಪೊದೆಗೆ ಒಂದು ಮಾತ್ರೆ ಯಾವ ಮೂಲೆಗೆ?"

ಗರಿಫಲಿಯಾಳ ಕೈ ನಿಲ್ಲುತ್ತದೆ. "ನನ್ನಲ್ಲಿ?"

"ನಿನ್ನಲ್ಲಿ, ನನ್ನಲ್ಲಿ, ಮಾವನ ಆಡುಗಳಲ್ಲಿ, ಎಲ್ಲಾರಲ್ಲೂ ಒಳಗಿನ ಒಲೆ ಒಂದೇ. ಅಂಗಳದ ಒಲೆ ನಮಗಿಲ್ಲ."

"ಅದನ್ನೂ ಆರಿಸು ಅಂತೀರಲ್ಲ!" ದನಿ ಏರುತ್ತದೆ. "ಆ ಒಲೇಲಿ ಏನೇನು ಬೇಯುತ್ತೆ, ಅದನ್ನ ಹೇಳು ಮೊದಲು."

ಥೆಯಾನೊ ಮುಚ್ಚುಮರೆ ಮಾಡುವುದಿಲ್ಲ. ಮೈಯ ಒಂದೊಂದು ಜೀವಕೋಶದ ಪೊರೆ ಗಟ್ಟಿಯಾಗಿ ನಿಲ್ಲಲು ಬೇಕಾದದ್ದು ಅಲ್ಲಿಂದ. ತಿಂದ ಎಣ್ಣೆ ಕರಗಿಸುವ ಪಿತ್ತ ಅಲ್ಲಿಂದ. ಬಿಸಿಲು ಬಿದ್ದಾಗ ಚರ್ಮ ಮೂಳೆಗೆ ಬಲ ಮಾಡಿಕೊಳ್ಳುತ್ತದಲ್ಲ, ಅದರ ಮೂಲವೂ ಅಲ್ಲೇ. ಗಂಡಸಿನ ಗಡ್ಡ, ಹೆಣ್ಣಿನ ಮುಟ್ಟು, ಹೊಟ್ಟೆಯಲ್ಲಿ ಕೂಸನ್ನು ಒಂಬತ್ತು ತಿಂಗಳು ಹಿಡಿದು ನಿಲ್ಲಿಸುವ ಹಾರ್ಮೋನು, ಎಲ್ಲದರ ಬೇರು ಆ ಒಲೆಯೇ.

ಕೊನೆಯ ಮಾತಿಗೆ ಗರಿಫಲಿಯಾ ತಲೆ ತಗ್ಗಿಸುತ್ತಾಳೆ.

ಊರಿಗೆಲ್ಲ ಗೊತ್ತಿರುವ ಸಂಗತಿ, ಆದರೆ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ್ದು. ಗರಿಫಲಿಯಾಗೆ ಮೂರು ಸಲ ಬಸಿರು ನಿಂತಿತ್ತು, ಮೂರೂ ಉಳಿಯಲಿಲ್ಲ. ಆಗಿನ ಕಾಲದ ಹೆಂಗಸರು ಬಾವಿಕಟ್ಟೆಯಲ್ಲಿ ಅವಳನ್ನು ಒಣಗಿದ ಕೊಂಬೆ ಅಂದರು. ಅದೇ ಬೇಸಿಗೆ ಅವಳು ಮೊದಲ ಸಲ ಗುಡ್ಡ ಹತ್ತಿದ್ದು. ಅವಳ ಕುಂಟೆಗೆ ಬಿದ್ದಷ್ಟು ಅಂಟು ಊರಲ್ಲಿ ಯಾರ ಕುಂಟೆಗೂ ಬೀಳಲಿಲ್ಲ. ಒಳಗೆ ನಿಲ್ಲದ್ದೆಲ್ಲ ಹೊರಗೆ ಕೈಗೆ ಬರುತ್ತಿದೆ ಅಂದುಕೊಂಡಳು. ಗಿಡದ ಬೆವರೂ ತನ್ನದೂ ಒಂದೇ ಒರತೆ ಅಂದುಕೊಂಡಳು. ನಗಬೇಕಾದವರು ನಗಬಹುದು. ನಲವತ್ತು ಬೇಸಿಗೆ ಆ ನಂಬಿಕೆ ಅವಳನ್ನು ನಿಲ್ಲಿಸಿದೆ.

"ಇರೋದೇ ಒಂದು," ಅನ್ನುತ್ತಾಳೆ ಮೆಲ್ಲಗೆ. "ಅದೂ ಯಾವತ್ತೂ ಸರಿಯಾಗಿ ಉರೀಲಿಲ್ಲ. ಈಗ ಅದನ್ನೂ ಕಳ್ಕೊಂಡ್ರೆ ನನ್ನಲ್ಲಿ ಏನು ಉಳಿಯುತ್ತೆ ಹೇಳು ಮಗಳೇ? ಗುಡ್ಡಕ್ಕೆ ಹೋದ್ರೆ ಗಿಡ ನನ್ನ ಗುರುತು ಹಿಡಿಯುತ್ತಾ?"

ಅಕ್ಕಿ ತುಂಬಿದ ಹೂವು ತಟ್ಟೆಗೆ ಬೀಳುತ್ತದೆ. ಥೆಯಾನೊ ಎಣ್ಣೆ ಕೈಯಲ್ಲೇ ಅತ್ತೆಯ ಎರಡೂ ಕೈ ಹಿಡಿದುಕೊಳ್ಳುತ್ತಾಳೆ.

"ಆರಿಸೋದಲ್ಲ ಅತ್ತೆ, ಉರಿ ಸಣ್ಣ ಮಾಡೋದು. ಅಡುಗೆ ಆಗುತ್ತೆ, ಬೇಕಾದಷ್ಟು ಆಗುತ್ತೆ. ನಿಂದು ಉರಿ ಜಾಸ್ತಿಯಾಗಿ ಉಕ್ಕಿ ನಾಳಕ್ಕೆಲ್ಲ ಮೆತ್ಕೊಂಡಿದೆ. ಇನ್ನು ಸರಿಯಾಗಿ ಉರೀಲಿಲ್ಲ ಅಂದ್ಯಲ್ಲ..." ಅವಳು ಹಿಡಿದ ಕೈ ಬಿಡುವುದಿಲ್ಲ. "ನಾನು ಚಿಕ್ಕವಳಿದ್ದಾಗ ಅಮ್ಮ ಗುಡ್ಡ ಬಿಟ್ಟು ಬೇಸಿಗೆ ಪೂರ್ತಿ ಹೋಟೆಲಲ್ಲಿ ಹಾಸಿಗೆ ಬದಲಾಯಿಸ್ತಿದ್ಲು. ನಂಗೆ ಜ್ವರ ಬಂದಾಗ ನಾನು ಮಲಗಿದ್ದು ಯಾರ ಮಗ್ಗುಲಲ್ಲಿ? ಈ ಎಲೆ ಯಾಕೆ ಹೊಳೆಯುತ್ತೆ ಅಂತ ನಾನು ಮೊದಲು ಕೇಳಿದ್ದು ಯಾರನ್ನ? ಗೊತ್ತಿಲ್ಲ, ನೀನೇ ಓದಿ ತಿಳ್ಕೊಂಡು ಬಾ ಅಂದೆ ನೀನು. ಓದಿ ತಿಳ್ಕೊಂಡು ಬಂದಿದೀನಿ. ಈಗ ನೀನಿಲ್ದೆ ಹೋದ್ರೆ ನಾನು ಯಾರಿಗೆ ಹೇಳ್ಲಿ? ನಂಗೆ ನೀನು ಬೇಕು ಅತ್ತೆ. ಗುಡ್ಡದ ಮೇಲಲ್ಲ, ಎಲ್ಲಾದ್ರೂ ಸರಿ, ಬೇಕು ಅಷ್ಟೆ."

ಬಾಗಿಲಲ್ಲಿದ್ದ ರೊದಾಂಥಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ. ಗರಿಫಲಿಯಾ ಬಹಳ ಹೊತ್ತು ಆ ಹುಡುಗಿಯ ಮುಖ ನೋಡುತ್ತಾಳೆ. ಆಮೇಲೆ ಎದ್ದು, ಕೈ ತೊಳೆದು, ಕಪಾಟಿನಿಂದ ಡಬ್ಬಿ ತೆಗೆದು, ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ.

"ಸುಣ್ಣದ ರುಚಿನೇ ಇದೆ," ಅನ್ನುತ್ತಾಳೆ. "ಹೂವು ಬೇಗ ತುಂಬು, ಎಣ್ಣೆ ಕಾಯ್ತಿದೆ."

ಮಾತ್ರೆಯ ವಿಷಯ ಅಲ್ಲಿಗೆ ಮುಗಿಯುತ್ತದೆ, ಗುಡ್ಡದ್ದು ಮುಗಿಯುವುದಿಲ್ಲ. ಜುಲೈ ಪೂರ್ತಿ ಮನೆಯಲ್ಲಿ ಕೂರು ಅಂದಿದ್ದಾರೆ ಡಾಕ್ಟರು. ಕೂತ ಗರಿಫಲಿಯಾಳ ಜೊತೆ ಬದುಕುವುದು ಎಷ್ಟು ಕಷ್ಟ ಅಂತ ಮಿರೋನನ್ನು ಕೇಳಬೇಕು. ಪಾತ್ರೆಗಳನ್ನೆಲ್ಲ ಎರಡೆರಡು ಸಲ ಉಜ್ಜಿದಳಂತೆ, ಆಡುಗಳಿಗೆ ಸ್ನಾನ ಮಾಡಿಸಿದಳಂತೆ. ಆಗಸ್ಟಿಗೆ ಒಂದು ಒಪ್ಪಂದ ಆಗುತ್ತದೆ. ಬೆಳಗಿನ ತಂಪಿನಲ್ಲೇ ಕತ್ತೆಯ ಮೇಲೆ ಹತ್ತಿಸಿ ಕರೆದೊಯ್ಯುವುದು, ಗುಡ್ಡದ ಮೇಲೆ ಹುಣಸೆಮರದಂತೆ ನೆರಳು ಚೆಲ್ಲುವ ದೊಡ್ಡ ಕ್ಯಾರೊಬ್ ಮರದಡಿ ಕೂರಿಸುವುದು, ಬಿಸಿಲು ಇಳಿದ ಮೇಲೆ ವಾಪಸ್ಸು. ಕುಂಟೆ ಎಳೆಯುವುದು ರೊದಾಂಥಿ. ಬಾರು ಕೆರೆದು ಉಂಡೆ ಕಟ್ಟುವುದು ಗರಿಫಲಿಯಾ.

ಬಾಯಲ್ಲಿ ಹೇಳುವಷ್ಟು ಸುಲಭವಲ್ಲ ಅದು. ಗರಿಫಲಿಯಾಳ ಕುಂಟೆ ಅವಳ ಅತ್ತೆಯದು. ಆ ಮುದುಕಿ ಸಾಯುವ ಮೊದಲು ಅದನ್ನು ಹೆತ್ತ ಮಗಳು ರೊದಾಂಥಿಗೆ ಕೊಡದೆ ಸೊಸೆಗೆ ಕೊಟ್ಟಿದ್ದಳು, ಆ ಹೊಟ್ಟೆಯುರಿ ರೊದಾಂಥಿಗೆ ಇಷ್ಟು ವರ್ಷ ಇತ್ತು. ಮೊದಲ ದಿನ ಮರದಡಿಯಲ್ಲಿ ಗರಿಫಲಿಯಾ ಕುಂಟೆಯನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಬಾರುಗಳನ್ನು ಬಿಡಿಸುತ್ತಾ ಕೂತಳು. ರೊದಾಂಥಿ ಕೇಳಲಿಲ್ಲ, ಅವಸರ ಮಾಡಲಿಲ್ಲ. ಆಮೇಲೆ ಗರಿಫಲಿಯಾ ಅದನ್ನು ಎತ್ತಿ ಅವಳ ಕೈಗಿಟ್ಟಳು. "ಹಿಡಿ ಎಡಕ್ಕೆ ಸ್ವಲ್ಪ ಎಳೆಯುತ್ತೆ. ನಿಮ್ಮಮ್ಮ ಎಡಗೈಯವಳಲ್ವಾ," ಅಂದಳು. ರೊದಾಂಥಿ ಹಿಡಿಯನ್ನು ಎಡಗೈಗೆ ಬದಲಿಸಿಕೊಂಡು ಬಿಸಿಲಿಗಿಳಿದಳು.

ಆಗಸ್ಟ್ ಮಧ್ಯದಲ್ಲಿ ಮತ್ತೆ ರಕ್ತ ಪರೀಕ್ಷೆ. ಮೂವರೂ ಹೋಗಿದ್ದಾರೆ. ಡಾಕ್ಟರ ಮುಖ ಅರಳುತ್ತದೆ, ಅರ್ಧಕ್ಕರ್ಧ ಇಳಿದಿದೆ. ಅವರು ಈ ಕಡೆಗೆ ಹೊಸಬರು, ಊರಿನ ಸುದ್ದಿ ತಿಳಿಯದವರು. "ಈ ಸಲ ಏನು ಮೋಡಿ? ಯಾರಿದಾರಪ್ಪ ಮನೇಲಿ ನಿಮ್ಮನ್ನ ಹಿಡಿದು ನುಂಗಿಸೋರು?" ಅಂತ ಕೇಳುತ್ತಾರೆ.

ಗರಿಫಲಿಯಾ ಏನೋ ಹೇಳಲು ಹೊರಡುತ್ತಾಳೆ. ಅದಕ್ಕೆ ಮೊದಲೇ ರೊದಾಂಥಿ ಥೆಯಾನೊಳ ಹೆಗಲು ಹಿಡಿದು ಮುಂದಕ್ಕೆ ತಳ್ಳುತ್ತಾಳೆ.

"ಇವಳ ಮಗಳು," ಅನ್ನುತ್ತಾಳೆ. "ಇಲ್ಲೇ ನಿಂತಿದಾಳಲ್ಲ."

ಬಸ್ ನಿಲ್ದಾಣಕ್ಕೆ ಬಂದು ಗರಿಫಲಿಯಾ ಬೆಂಚಿನ ಮೇಲೆ ಕೂರುತ್ತಾಳೆ. ಥೆಯಾನೊ ನೀರು ತರಲು ಹೋದಾಗ ಕೇಳುತ್ತಾಳೆ, "ಲೇ, ಹಂಗ್ಯಾಕೆ ಅಂದೆ?"

"ಹೆತ್ತಿದ್ದು ನಾನು ಅಂತ ಊರಿಗೇ ಗೊತ್ತು," ಅನ್ನುತ್ತಾಳೆ ರೊದಾಂಥಿ ರಸ್ತೆಯ ಕಡೆ ನೋಡುತ್ತಾ. "ಡಾಕ್ಟರು ಕೇಳಿದ್ದು ಅದಲ್ಲ. ಯಾರ ಮಾತಿಗೆ ನುಂಗ್ತೀಯ ಅಂತ."

ಗರಿಫಲಿಯಾ ಅತ್ತಳು ಅಂತ ಬರೆದರೆ ಅವಳಿಗೆ ಸಿಟ್ಟು ಬರುತ್ತದೆ. ಆದರೂ ಬರೆಯುತ್ತಿದ್ದೇವೆ, ಯಾಕೆಂದರೆ ಹಾಡಹಗಲು, ಜನ ನೋಡುತ್ತಿರುವಾಗಲೇ, ಬಸ್ಸು ಬಂದು ನಿಂತರೂ ಏಳದೆ ಅತ್ತಳು. ರೊದಾಂಥಿಯೇ ಡ್ರೈವರನಿಗೆ ಒಂದು ನಿಮಿಷ ತಾಳಪ್ಪ ಅಂದಳು.

ಈಗ ಕ್ಯಾರೊಬ್ ಮರದ ಕೆಳಗೆ ಕೂತು ಬಾರು ಕೆರೆಯುತ್ತಿದ್ದಾಳೆ. ಆಚೆ ಉರಿಬಿಸಿಲಲ್ಲಿ ರೊದಾಂಥಿ ಗಿಡ ಬಾಚುತ್ತಾ, ಆಗಾಗ ಇತ್ತ ತಿರುಗಿ ಅತ್ತಿಗೆ ಕೂತಿದ್ದಾಳಾ ಎದ್ದಿದ್ದಾಳಾ ಅಂತ ನೋಡುತ್ತಾಳೆ. ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆ, ಹೆಸರಿನ ಜೊತೆ ಏನಂತ ಹಾಕಬೇಕು, ಥೆಯಾನೊಳ ತಾಯಿ ಅಂತಲೇ ಹಾಕೋಣವೇ ಅಂತ ಕೇಳಿದರೆ ಗರಿಫಲಿಯಾ ಚಾಕು ಕೆಳಗಿಡುತ್ತಾಳೆ. ಗುಡ್ಡದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾಳೆ.

"ಬೇಡಪ್ಪ. ಅತ್ತೆ ಅಂತಾನೇ ಹಾಕಿ. ಹೆತ್ತವಳು ಅಲ್ಲಿ ಬಿಸಿಲಲ್ಲಿ ಬೇಯ್ತಿದಾಳೆ, ಓದಿದ್ರೆ ಅವಳ ಮನಸ್ಸಿಗೆ ಏನನ್ಸುತ್ತೋ. ನಂಗೆ ಗೊತ್ತಲ್ಲ, ಅಷ್ಟು ಸಾಕು."